ಡಾಕ್ಟರ್ ಗಂಗಾಮಣಿಗೆ ನೋಟಿಸ್ ಕೊಟ್ಟ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ವೈದ್ಯಕೀಯ ಸಂಶೋಧನೆಗೆ ಅನುಮತಿ ಕೊಡುವ, ಕೊಟ್ಟ ಅನುಮತಿಯನ್ನು ಕಿತ್ತುಕೊಳ್ಳುವ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ತಾವು ಕೂತಿದ್ದೀರಿ. ಕಳೆದ ತಿಂಗಳು ತಮ್ಮ ಕಚೇರಿ ಡಾಕ್ಟರ್ ಗಂಗಾಮಣಿಯವರಿಗೆ ನೋಟಿಸ್ ಕಳಿಸಿದೆ. ಮುಕ್ತಾಯಗೊಂಡ ಅಧ್ಯಯನದ ರೋಗಿಯೊಬ್ಬನನ್ನು ಅನುಮತಿಯಿಲ್ಲದೆ ಭೇಟಿಯಾದದ್ದು ಅವರ ಅಪರಾಧವಂತೆ. ಆ ರೋಗಿ ಈಗ ಬದುಕಿಲ್ಲ. ಅವನನ್ನು ಕೈಬಿಟ್ಟವರು ನೋಟಿಸ್ ಬರೆಯುತ್ತಾರೆ, ನೋಡಲು ಬಂದವರು ಸಮಜಾಯಿಷಿ ಬರೆಯಬೇಕು. ಈ ಪತ್ರವನ್ನೇ ಮುಚ್ಚಿದ ಲಕೋಟೆಯಲ್ಲಿ ತಮಗೆ ಮೂರು ಸಲ ಕಳಿಸಿದೆ. ತಾವು ಓದಲಿಲ್ಲ. ಇನ್ನು ಊರೆಲ್ಲ ಓದಲಿ.

ನಾನು ಬೆಳಗೋಡು ಹೋಬಳಿಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವನು. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ತೋಟಕ್ಕೆ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಎಂಟು ವರ್ಷದ ಹಿಂದೆ ಸರ್ಕಾರಿ ಡಾಕ್ಟರಾದ ಗಂಗಾಮಣಿ ಈ ಅಧ್ಯಯನಕ್ಕೆಂದು ನಮ್ಮ ಎಸ್ಟೇಟಿನ ಡಿಸ್ಪೆನ್ಸರಿಗೆ ಬಂದರು. ಆಲೂರಿನವರು, ಓದಿದ್ದು ಸರ್ಕಾರಿ ಕಾಲೇಜಿನಲ್ಲಿ. ಗಂಡಸರ ಮೂತ್ರಕೋಶದ ಕೆಳಗೆ ಇರುವ ಪ್ರಾಸ್ಟೇಟ್ ಗ್ರಂಥಿಗೆ ಬರುವ ಕ್ಯಾನ್ಸರ್ ಅವರ ವಿಷಯ. ಹೆಂಗಸಾಗಿ ಇದನ್ನೇ ಯಾಕೆ ಹಿಡಿದುಕೊಂಡಿರಿ ಎಂದು ಒಮ್ಮೆ ಕೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಸ್ ಡ್ರೈವರನ ರಕ್ತ ಪರೀಕ್ಷೆಯ ಅಂಕಿ ಹೆಚ್ಚಾಗಿ ಬಂತಂತೆ. ಇವರೇ ಆಪರೇಷನ್ನಿಗೆ ಬರೆದುಕೊಟ್ಟರು. ಗ್ರಂಥಿ ತೆಗೆದ ಮೇಲೆ ನೋಡಿದರೆ ಇದ್ದದ್ದು ಎಳ್ಳು ಕಾಳಿನಷ್ಟು ಗಡ್ಡೆ, ಮುಟ್ಟದೆ ಬಿಟ್ಟಿದ್ದರೂ ಅವನನ್ನು ಏನೂ ಮಾಡುತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಅವನಿಗೆ ಮೂತ್ರ ಹಿಡಿದುಕೊಳ್ಳಲು ಆಗದೆ ಹೋಯಿತು. ಡ್ರೈವರ್ ಕೆಲಸ ಬಿಟ್ಟ, ಜನರ ನಡುವೆ ಕೂರುವುದನ್ನೂ ಬಿಟ್ಟ. "ಅವತ್ತಿಂದ ನಂಗೆ ಇರೋದು ಒಂದೇ ಪ್ರಶ್ನೆ ರೈಟ್ರೇ. ಯಾರಿಗೆ ಕತ್ತಿ ಹಾಕ್ಬೇಕು, ಯಾರನ್ನ ಕಾಯ್ತಾ ನೋಡ್ಬೇಕು" ಎಂದರು. ಆ ಒಂದು ಪ್ರಶ್ನೆಗೆ ಹತ್ತೊಂಬತ್ತು ವರ್ಷ ಕೊಟ್ಟಿದ್ದಾರೆ. ತಾವು ಇಷ್ಟು ವರ್ಷ ಯಾವ ಪ್ರಶ್ನೆಯ ಹಿಂದೆ ಇದ್ದಿರಿ ಎಂದು ತಿಳಿದರೆ ನಮಗೂ ಸಂತೋಷವಾದೀತು.

ನಮ್ಮ ಗಂಡಸರು ಪರೀಕ್ಷೆಗೆ ಸುಲಭಕ್ಕೆ ಒಪ್ಪಲಿಲ್ಲ. ಒಪ್ಪಿಸಿದವನು ನಾನು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಮುಂದೆ ಗೊತ್ತಾಗುತ್ತದೆ. ಅಣ್ಣಯ್ಯ ಎಂಬವನಿದ್ದ. ಸಿಲ್ವರ್ ಓಕ್ ಮರದ ತುದಿಗೆ ಏಣಿಯಿಲ್ಲದೆ ಹತ್ತಿ ಕೊಂಬೆ ಸವರುವವನು, ಅರವತ್ತೆರಡರಲ್ಲೂ ಅವನ ಸಮಕ್ಕೆ ಹತ್ತುವವರು ಇರಲಿಲ್ಲ. ಡಿಸ್ಪೆನ್ಸರಿ ಬಾಗಿಲಲ್ಲಿ ನನ್ನ ಕೈ ಹಿಡಿದು ಎಳೆದ. "ರೈಟ್ರೇ, ನನ್ನೆಂಡ್ರೂ ನೋಡ್ದಿರೋ ಜಾಗ ಕಣ್ರೀ ಅದು. ಹೆಂಗಸ್ರ ಕೈಲಿ ನೋಡಿಸ್ಕೊಳ್ಳಾಕಾಯ್ತದಾ?" ಒಳಗಿದ್ದ ಗಂಗಾಮಣಿಗೆ ಕೇಳಿಸಿತು. "ನಾಚ್ಕೆ ಆದ್ರೆ ಗೋಡೆ ಕಡೆ ತಿರುಗಿ ಅಣ್ಣಯ್ಯ. ನಂಗೆ ನಾಚ್ಕೆ ಆದ್ರೆ ನಾನೇ ಹೇಳ್ತೀನಿ" ಎಂದರು. ಸಾಲಿನಲ್ಲಿ ನಿಂತವರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಒಳಗೆ ಹೋದರು.

ಪರೀಕ್ಷೆಯಾದವರು ನಾನೂರಕ್ಕೂ ಹೆಚ್ಚು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇದೆ, ಆದರೆ ನಿಧಾನದ ಜಾತಿಯದು, ಈಗ ಆಪರೇಷನ್ ಬೇಡ ಎಂದಾದವರು ಅರವತ್ತನಾಲ್ಕು ಮಂದಿ. ಅದರಲ್ಲಿ ಅಣ್ಣಯ್ಯನೂ ಇದ್ದ, ನಾನೂ ಇದ್ದೆ. ನಮ್ಮನ್ನು ಆರು ತಿಂಗಳಿಗೊಮ್ಮೆ ನೋಡಬೇಕು, ಅಂಕಿ ಏರಿದರೆ ತಡಮಾಡದೆ ಚಿಕಿತ್ಸೆ ಕೊಡಬೇಕು. ಕಾಯುವುದೇ ಚಿಕಿತ್ಸೆ, ಆದರೆ ಕಣ್ಣಿಟ್ಟು ಕಾಯಬೇಕು ಎಂದು ಗಂಗಾಮಣಿ ಸಾರಿ ಸಾರಿ ಹೇಳುತ್ತಿದ್ದರು. ಅಣ್ಣಯ್ಯನಿಗೆ ಅದನ್ನು ನಾನು ನನ್ನ ಮಾತಿನಲ್ಲಿ ಹೇಳಿದೆ. "ನೀನು ನಿಶ್ಚಿಂತೆಯಿಂದಿರು ಮಾರಾಯ. ಹೆಚ್ಚುಕಮ್ಮಿ ಆದ್ರೆ ಮೇಡಂ ಅವ್ರೇ ಕರೀತಾರೆ."

ಆರನೆಯ ವರ್ಷದ ಫೆಬ್ರವರಿಯಲ್ಲಿ ತಮ್ಮ ಆದೇಶ ಬಂತು. "ಗಮನಾರ್ಹ ಫಲಿತಾಂಶ ಕಂಡುಬಾರದ ಕಾರಣ ಸದರಿ ಅಧ್ಯಯನವನ್ನು ಮುಕ್ತಾಯಗೊಳಿಸಲಾಗಿದೆ. ಸಂಶೋಧಕರು ಅಧ್ಯಯನಕ್ಕೆ ಒಳಪಟ್ಟ ವ್ಯಕ್ತಿಗಳನ್ನು ಸಂಪರ್ಕಿಸತಕ್ಕದ್ದಲ್ಲ." ಫಲಿತಾಂಶ ಎಂದರೆ ತಾವು ಏನನ್ನು ನಿರೀಕ್ಷಿಸಿದ್ದಿರಿ? ಅರವತ್ತನಾಲ್ಕು ಗಂಡಸರು ವೃಥಾ ಕತ್ತಿಗೆ ಮೈಯೊಡ್ಡದೆ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದರು. ಅದನ್ನು ಫೋಟೋ ತೆಗೆಸಿ ವರದಿಯ ಮುಖಪುಟಕ್ಕೆ ಹಾಕಲು ಬರುವುದಿಲ್ಲ, ಒಪ್ಪುತ್ತೇನೆ. ನಮ್ಮ ಹೆಸರು, ವಿಳಾಸ, ಅಂಕಿಗಳಿದ್ದ ರಿಜಿಸ್ಟರನ್ನು ತಮ್ಮವರು ಜೀಪಿನಲ್ಲಿ ಒಯ್ದರು. ಗಂಗಾಮಣಿಯನ್ನು ದೂರದ ಜಿಲ್ಲೆಯ ಔಷಧಿ ಉಗ್ರಾಣದ ತಪಾಸಣೆಗೆ ಹಾಕಿದರು. ಅಷ್ಟು ಹೊತ್ತಿಗೆ ಅಣ್ಣಯ್ಯನ ಅಂಕಿ ಏರತೊಡಗಿತ್ತು. ಅವನಿಗೆ ಎರಡನೆಯ ಬಯಾಪ್ಸಿ ಆಗಬೇಕಿದ್ದದ್ದು ಆದೇಶ ಬಂದ ಹನ್ನೊಂದನೆಯ ದಿನಕ್ಕೆ. ಗಂಗಾಮಣಿ ತಮಗೆ ಏಳು ಪತ್ರ ಬರೆದರು. ತಾವೇ ನೋಡಿಕೊಳ್ಳುವುದಾದರೆ ನೋಡಿಕೊಳ್ಳಿ, ಇಂಥಿಂಥವರಿಗೆ ತುರ್ತಾಗಿ ಆಗಬೇಕು ಎಂದು ಹೆಸರು ಸಮೇತ ಬರೆದರು. ಬಂದ ಉತ್ತರ ಒಂದು. "ಅಧ್ಯಯನ ಮುಕ್ತಾಯಗೊಂಡಿರುವುದರಿಂದ ಅನುಸರಣೆಯ ಪ್ರಶ್ನೆ ಉದ್ಭವಿಸುವುದಿಲ್ಲ."

ತಮ್ಮ ಕಚೇರಿಯಲ್ಲಿ ಪ್ರಶ್ನೆ ಉದ್ಭವಿಸಲಿಲ್ಲ. ಅಣ್ಣಯ್ಯನ ಬೆನ್ನುಮೂಳೆಯಲ್ಲಿ ಗಡ್ಡೆ ಉದ್ಭವಿಸಿತು.

ಹದಿನಾಲ್ಕು ತಿಂಗಳಾದ ಮೇಲೆ ಅವನ ಹೆಂಡತಿ ಹುಲಿಯಮ್ಮ ನನ್ನ ಮನೆಗೆ ಬಂದಳು. "ಲೈನ್ ಮನೆ ಮೆಟ್ಲು ಇಳೀತಿದ್ದ. ಕಾಲು ಬರ್ತಿಲ್ಲ ಅಂತ ಕುಂತ್ಬುಟ್ಟ. ಎದ್ದೇ ಇಲ್ಲ ರೈಟ್ರೇ." ಹೋಗಿ ನೋಡಿದೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆನ್ನುನೋವು ಆರು ತಿಂಗಳಿಂದ ಇತ್ತಂತೆ. ಯಾಕೋ ಹೇಳಲಿಲ್ಲ ಎಂದೆ. "ಮೇಡಂ ಕರೀಲಿಲ್ವಲ್ಲ. ಕರೀಲಿಲ್ಲ ಅಂದ್ರೆ ನಂಗೇನೂ ಇಲ್ಲ ಅಂದ್ಕೊಂಬುಟ್ಟೆ. ನೀವೇ ಹೇಳಿದ್ರಲ್ಲ" ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು, ಇಲ್ಲದಿದ್ದರೆ ತಮ್ಮನ್ನು ಕೇಳುವ ಯೋಗ್ಯತೆ ನನಗಿರುವುದಿಲ್ಲ. ಡಾಕ್ಟರು ಬರುವುದು ನಿಂತಾಗ ನಾನು ಹಾಸನಕ್ಕೆ ಹೋಗಿ ನನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ನನಗೆ ಚೀಟಿ ಓದಲು ಬರುತ್ತದೆ, ತಾರೀಕು ನೆನಪಿರುತ್ತದೆ. ಅಣ್ಣಯ್ಯನನ್ನು ಯಾರಾದರೂ ಕರೆದಿರುತ್ತಾರೆ ಎಂದುಕೊಂಡೆ. ನಿವೃತ್ತನಾಗಿ ಎಸ್ಟೇಟ್ ಬಿಟ್ಟು ಬಂದಿದ್ದೆ ಎನ್ನುವುದು ನೆಪ. ಮೂರು ಮೈಲಿ ದೂರದವನನ್ನು ಒಂದು ಮಾತು ಕೇಳಲಿಲ್ಲ.

ಅವತ್ತೇ ಗಂಗಾಮಣಿಗೆ ಫೋನ್ ಮಾಡಿದೆ. ಭಾನುವಾರ ಮೂರು ಬಸ್ ಬದಲಿಸಿ ಬಂದರು. ನೆಲದ ಮೇಲೆ ಕೂತು ಅವನ ಪಾದಗಳನ್ನು ಮುಟ್ಟಿ, ಗೊತ್ತಾಗುತ್ತದಾ ಎಂದು ಕೇಳುತ್ತಾ ಬಂದರು. ಸೊಂಟದವರೆಗೂ ಅವನು ಇಲ್ಲ, ಇಲ್ಲ ಎನ್ನುತ್ತಲೇ ಇದ್ದ. ಕೊನೆಗೆ ಅವನು ಕೇಳಿದ. "ನೀವು ಯಾಕೆ ಬರ್ಲಿಲ್ಲ ಮೇಡಂ?"

"ಬರ್ಬೇಕಿತ್ತು ಅಣ್ಣಯ್ಯ. ನಾನು ಬರ್ಬೇಕಿತ್ತು" ಎಂದರು.

ತಮ್ಮ ಆದೇಶದ ಸುದ್ದಿಯನ್ನೇ ಎತ್ತಲಿಲ್ಲ. ಹೊರಗೆ ಬಂದ ಮೇಲೆ ನಾನು ರೇಗಿದೆ, ತಪ್ಪು ನಿಮ್ಮದಲ್ಲ ಎಂದು ಹೇಳಬಾರದಿತ್ತೇ ಎಂದೆ. "ಆರ್ಡರ್ ಓದಿ ಹೇಳಿದ್ರೆ ಅವ್ರು ಎದ್ದು ಓಡಾಡ್ತಿದ್ರಾ ರೈಟ್ರೇ?" ಎಂದು ಅಣ್ಣಯ್ಯನನ್ನು ಒಯ್ಯಲು ನಾನು ಗೊತ್ತುಮಾಡಿದ್ದ ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ದೊಡ್ಡಾಸ್ಪತ್ರೆಗೆ ಪತ್ರ ಬರೆದರು. ಕೆಳಗೆ ಹೆಸರು, ಹುದ್ದೆ, ತಾರೀಕು ಹಾಕಿ ಸಹಿ ಮಾಡಿದರು. ತಮ್ಮ ನೋಟಿಸಿಗೆ ಆಧಾರ ಅದೇ ಸಹಿ. ಅವರು ಅದನ್ನು ಬಚ್ಚಿಟ್ಟಿರಲಿಲ್ಲ, ತಾವು ಪತ್ತೇದಾರಿಕೆ ಮಾಡಿದಂತೆ ಬರೆದಿದ್ದೀರಿ. ಆಸ್ಪತ್ರೆಯಲ್ಲಿ ನೋವು ತಗ್ಗಿತು, ಕಾಲು ಬರಲಿಲ್ಲ. ಆಗಸ್ಟಿನಲ್ಲಿ ಅಣ್ಣಯ್ಯ ತೀರಿಕೊಂಡ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಹಾಜರಿ ಕೂಗಿ ಅಭ್ಯಾಸವಾದ ನಾಲಿಗೆಗೆ ಹೆಸರುಗಳು ನೆನಪಿರುತ್ತವೆ. ಆರು ತಿಂಗಳಿಗೊಮ್ಮೆ ಡಿಸ್ಪೆನ್ಸರಿಯ ಸಾಲಿನಲ್ಲಿ ಕಂಡವರನ್ನೆಲ್ಲ ನೆನೆನೆನೆದು ಬರೆದೆ. ಆಲೂರಿನ ಸಂತೆಯಲ್ಲಿ ವಿಚಾರಿಸಿದೆ, ಎಡಕುಮೇರಿ ಕಡೆ ರೈಲ್ವೆ ಕೂಲಿಗೆ ಹೋದವರನ್ನು ಹುಡುಕಿಕೊಂಡು ಹೋದೆ. ಅರವತ್ತನಾಲ್ವರಲ್ಲಿ ನಲವತ್ತೊಂದು ಮಂದಿಯ ಸುದ್ದಿ ಸಿಕ್ಕಿದೆ. ಅವರಲ್ಲಿ ಮೂವರಿಗೆ ಅಂಕಿ ಏರಿತ್ತು, ಮೂವರಿಗೂ ಚಿಕಿತ್ಸೆ ಶುರುವಾಗಿದೆ. ಅವರು ಉಳಿಯುತ್ತಾರೆ ಎನ್ನುತ್ತಾರೆ ಗಂಗಾಮಣಿ. ಈ ಮೂವರನ್ನೂ ಅವರೇ ಅನುಮತಿಯಿಲ್ಲದೆ ನೋಡಿದ್ದಾರೆ. ಇನ್ನೂ ಮೂರು ನೋಟಿಸ್ ಟೈಪ್ ಮಾಡಿಸಿ.

ನಾನು ಕೇಳುವುದಿಷ್ಟೆ. ನೋಟಿಸ್ ವಾಪಸ್ ಪಡೆಯಿರಿ. ಗಂಗಾಮಣಿಯನ್ನು ಉಗ್ರಾಣದಿಂದ ಬಿಡಿಸಿ ಅವರ ಕೆಲಸಕ್ಕೆ ಕಳಿಸಿ. ಅದಕ್ಕೆ ಸಭೆ, ಉಪಸಮಿತಿ ಎಲ್ಲ ಆಗಬೇಕು ಎನ್ನುವುದಾದರೆ ಆಗಲಿ, ನಿಧಾನವಾಗಿ ಮಾಡಿ. ಆದರೆ ಆ ರಿಜಿಸ್ಟರನ್ನು ನಾಳೆ ಬೆಳಿಗ್ಗೆಯೇ ಕಳಿಸಿಕೊಡಿ. ಅದರಲ್ಲಿ ನನಗೆ ಹೆಸರು ನೆನಪಾಗದ ಇಪ್ಪತ್ತಮೂರು ಗಂಡಸರಿದ್ದಾರೆ. ಯಾರೂ ಕರೆಯಲಿಲ್ಲವಲ್ಲ, ಹಾಗಾದರೆ ತಮಗೇನೂ ಇಲ್ಲ ಎಂದುಕೊಂಡು ಅವರು ಈಗಲೂ ಎಲ್ಲೋ ಕೆಲಸಕ್ಕೆ ಹೋಗುತ್ತಿರಬಹುದು.

ಇಂತಿ,
ತಮ್ಮ ಇಲಾಖೆಯ ಪರವಾಗಿ ಮಾತು ಕೊಟ್ಟು ಕೆಟ್ಟವನು,
ಯೋಗಾನಂದ
ನಿವೃತ್ತ ರೈಟರ್, ಬೆಳಗೋಡು