ಬನ್ನಿ, ನೀರು ಕುಡೀರಿ

ಭಾನುವಾರ, ಮಧ್ಯಾಹ್ನ

ಪುಟ್ಟೀ,

ಫೋನಿನಲ್ಲಿ ಅಪ್ಪ ಅನ್ನೋ ಮಾತು ಬಂದ ಕೂಡಲೇ ನಿನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತೆ. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕಟ್ ಮಾಡೋಕಾಗಲ್ಲ. ಕೂತುಕೊಂಡು ಓದು.

ನಾಳೆಯೋ ನಾಡಿದ್ದೋ ಪೇಪರಿನಲ್ಲಿ ಬರುತ್ತೆ, ಬ್ಯಾಸ್ಕೆಟ್‌ಬಾಲಿನ ಮಹಾಗುರು ಮಂಡಿನೋವಿನಿಂದ ಕೋಚ್ ಕೆಲಸ ಬಿಡ್ತಿದ್ದಾರೆ ಅಂತ. ಮಂಡಿನೋವು ನಾನೂ ಕ್ಲಬ್ಬಿನ ಮ್ಯಾನೇಜರೂ ಸೇರಿ ಕಟ್ಟಿದ ಕಥೆ. ನಿಮ್ಮಪ್ಪನ ಮಂಡಿಗೇನೂ ಆಗಿಲ್ಲ, ಆಳು ಗುಂಡುಕಲ್ಲಿನ ಹಾಗಿದ್ದಾರೆ. ಬಂದಿರೋದು ಮರೆವು. ವಯಸ್ಸಿನ ಮರೆವಲ್ಲ, ಡಾಕ್ಟರು ಹೆಸರಿಟ್ಟು ಕರೆಯೋ ಮರೆವು. ನೀನು ಬೇರೆಯವರ ಬಾಯಿಂದ ಕೇಳಬಾರದು ಅಂತ ನಾನೇ ಬರೀತಿದ್ದೇನೆ.

ಪೇಪರಿನವರು ಅವರ ಬಗ್ಗೆ ಪುಟಗಟ್ಟಲೆ ಬರೀತಾರೆ, ಬರೀಲಿ. ನಾನು ಕಂಡಿದ್ದು ಬೇರೆ. ಕುಳ್ಳ ಅಂತ ಯಾವ ತಂಡವೂ ಸೇರಿಸಿಕೊಳ್ಳದೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಮನುಷ್ಯ. ಪಟ್ಟಿಯ ತಳದಲ್ಲಿ ಕೊಳೀತಿದ್ದ ಈ ಕ್ಲಬ್ಬಿಗೆ ಬೇರೆ ಯಾರೂ ಒಪ್ಪಲಿಲ್ಲ ಅಂತ ಇವರನ್ನು ಕರೆದರು. ಹೋದ ದಿನವೇ ಒಂದು ಕಾನೂನು ತಂದರು. ಚೆಂಡು ಕೈಜಾರಿದರೆ ಬೈಗುಳ ಹಿಡಿಯೋನಿಗಲ್ಲ, ಎಸೆದವನಿಗೆ. ಅವನ ಕೈಗೆ ಸಿಗದ ಹಾಗೆ ಯಾಕೆ ಎಸೆದೆ ಅಂತ. ಎಲ್ಲರೂ ಮುಸಿಮುಸಿ ನಕ್ಕರಂತೆ. ಆಮೇಲೆ ಕಪ್ ಮೇಲೆ ಕಪ್ ಬಂತು, ಒರೆಸಿ ಒರೆಸಿ ನನ್ನ ಸೊಂಟ ಬಿತ್ತು.

ನೀರಿನ ಕಥೆ ನಿನಗೂ ಗೊತ್ತು. ಯಾರನ್ನೇ ಆಟದಿಂದ ಆಚೆ ಕರೆಯೋವಾಗ ಸಾಕು ಬಾ ಅಂತ ಒಂದು ದಿನವೂ ಅಂದವರಲ್ಲ. ಬಾ, ನೀರು ಕುಡಿ ಅಂತಿದ್ದರು, ಅಷ್ಟೆ. ಎಂಥ ಆಟಗಾರನೇ ಆಗಲಿ, ಆ ಮಾತು ಬಂತು ಅಂದರೆ ತೆಪ್ಪಗೆ ಬಂದು ಬೆಂಚಿನ ಮೇಲೆ ಕೂರಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಮನೆಗೆ ಬಂದ ಹುಡುಗರಿಗೆ ನಾನು ನೀರಿನ ಲೋಟ ಹಿಡಿದರೆ ಬೆಚ್ಚಿಬಿದ್ದು, ಅಯ್ಯೋ ಬೇಡಮ್ಮ, ಕಾಫಿ ಕೊಡಿ ಸಾಕು ಅಂತಿದ್ದರು!

ಹೋದ ತಿಂಗಳ ಪಂದ್ಯದಲ್ಲಿ ನಾನು ಎಂದಿನ ಹಾಗೆ ಬೆಂಚಿನ ಹಿಂದೆ ಕೂತಿದ್ದೆ. ಕೊನೆಯ ಟೈಮ್‌ಔಟ್. ನಿಮ್ಮಪ್ಪ ಬೋರ್ಡಿನ ಮೇಲೆ ಚಕಚಕ ಗೆರೆ ಎಳೆದು, ಚೆಂಡು ನಮ್ಮ ಕಂಬನ ಕೈಗೆ ಕೊಡಿ, ಮಿಕ್ಕಿದ್ದು ಅವನು ನೋಡ್ಕೋತಾನೆ ಅಂದರು. ಕಂಬ ನೆನಪಿದ್ದಾನಲ್ಲ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬುಟ್ಟಿ ಮುಟ್ಟಿಸ್ತಿದ್ದ ಉದ್ದನೆಯವನು? ಅವನು ಆಟ ಬಿಟ್ಟು, ತಲೆ ಬೋಳಾಗಿ, ಈಗ ಮೊಮ್ಮಗು ಎತ್ತಿಕೊಂಡು ತಿರುಗ್ತಿದ್ದಾನೆ. ಸುತ್ತ ನಿಂತ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲೂ ಇಲ್ಲ. ಆಗಲಿ ಸರ್ ಅಂದು ಹೋಗಿ, ತಮಗೆ ತೋಚಿದ್ದು ಆಡಿ ಗೆದ್ದರು. ಅಂದರೆ ಅವರಿಗೆ ಇದು ಅಭ್ಯಾಸವಾಗಿಹೋಗಿತ್ತು. ಬೆಳಿಗ್ಗೆ ಪೇಪರಿನಲ್ಲಿ ಮೇಷ್ಟ್ರ ಚಾಣಾಕ್ಷ ತಂತ್ರ ಅಂತ ದಪ್ಪಕ್ಷರ. ನಗಬೇಕೋ ಅಳಬೇಕೋ ನೀನೇ ಹೇಳು.

ಇನ್ನು ಕೆಲಸ ಬಿಡಿ ಅಂತ ನಿಮ್ಮಪ್ಪನಿಗೆ ಹೇಳೋರು ಯಾರು? ಸಹಾಯಕ ಕೋಚ್ ನಮ್ಮ ಅಡುಗೆಮನೆಯಲ್ಲಿ ನಿಂತು ಮೂಗೊರೆಸಿಕೊಂಡ, ನನ್ನಿಂದಾಗಲ್ಲಮ್ಮ ಅಂದ. ಮ್ಯಾನೇಜರು ಡಾಕ್ಟರ ಕಡೆ ಕೈ ತೋರಿಸಿದರು, ಡಾಕ್ಟರು ನನ್ನ ಕಡೆ. ಎಲ್ಲಾ ಗಂಡಸರೇ, ನೋಡು.

ಕೊನೆಗೆ ಬುಧವಾರ ನಾನೇ ಅಭ್ಯಾಸಕ್ಕೆ ಹೋದೆ. ಗೆರೆಯ ಆಚೆ ನಿಂತು, ಬನ್ನಿ, ನೀರು ಕುಡೀರಿ ಅಂದೆ. ಚೆಂಡು ಪುಟಿಯೋ ಸದ್ದು ನಿಂತುಹೋಯಿತು. ನಿಮ್ಮಪ್ಪ ನನ್ನನ್ನೇ ನೋಡಿದರು. ಇನ್ನೊಂದು ಸ್ವಲ್ಪ ಹೊತ್ತು ಆಡಿಸ್ತೀನಿ ಕಣೇ ಅಂದರು. ನಾನು ಇಲ್ಲ ಅಂತ ತಲೆಯಾಡಿಸಿದೆ. ಯಾಕೆ ಅಂತ ಕೇಳಲಿಲ್ಲ, ಪುಟ್ಟೀ. ಸೀಟಿಯನ್ನು ಕೊರಳಿಂದ ತೆಗೆದು ಸಹಾಯಕನ ಕೈಗಿಟ್ಟು, ಬಂದು ಬೆಂಚಿನ ಮೇಲೆ ಕೂತು, ಗಟಗಟ ಕುಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಕೆಟ್ಟ ಕೆಲಸ ನಾನು ಮಾಡಿರಲಿಲ್ಲ. ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಈಗ ನಿನ್ನ ವಿಷಯ. ಎದುರು ತಂಡಕ್ಕೆ ಕೋಚ್ ಆಗಿ ಹೋದವಳು ನನ್ನ ಮನೆ ಮೆಟ್ಟಿಲು ಹತ್ತೋದು ಬೇಡ ಅಂತ ಅವರು ಅಂದಿದ್ದು ತಪ್ಪೇ. ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ನೀನು ಅದನ್ನೇ ಹಿಡಿದುಕೊಂಡು ಕೂತೆ. ಮೊಂಡುತನದಲ್ಲಿ ಅಪ್ಪನಿಗೆ ಸರಿಯಾದ ಮಗಳು. ಆದರೆ ಅವರು ಬಂದು ತಪ್ಪಾಯ್ತು ಅನ್ನಲಿ ಅಂತ ನೀನು ಇನ್ನೂ ಕಾಯ್ತಿದ್ದರೆ ಆ ಆಸೆ ಬಿಡು. ಜಗಳ ಆಗಿತ್ತು ಅನ್ನೋದೇ ಅವರಿಗೆ ಈಗ ಗೊತ್ತಿಲ್ಲ. ಗುರುವಾರ ನಿನ್ನ ತಂಡಕ್ಕೆ ಪಂದ್ಯ ಇಲ್ಲ ಅಂತ ನೋಡಿಕೊಂಡಿದ್ದೇನೆ. ಬಾ. ಮನೆಯವರನ್ನೆಲ್ಲ ಚೆನ್ನಾಗಿ ಗುರುತು ಹಿಡೀತಾರೆ, ಆ ಭಯ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಸೋತ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ.

ನಿನ್ನ ಮೇಲೆ ಕೋಪವೂ ಇರುವ,
ಅಮ್ಮ

ತಾ.ಕ.: ಗುರುತು ಹಿಡೀತಾರೆ ಅಂತ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ನಿನ್ನೆ ಸಂಜೆ ಟಿವಿಯಲ್ಲಿ ನಿನ್ನ ತಂಡದ ಪಂದ್ಯ ಇತ್ತು, ಅಲ್ಲಾಡದೆ ಕೊನೇವರೆಗೂ ನೋಡಿದರು. ನಿನ್ನನ್ನು ತೋರಿಸಿದಾಗ ನನ್ನ ತೋಳು ಹಿಡಿದು, ಯಾರೇ ಈ ಹುಡುಗಿ, ಏನು ಚೆನ್ನಾಗಿ ಆಡಿಸ್ತಾಳೆ, ಇವಳನ್ನ ಹೇಗಾದರೂ ನಮ್ಮ ಕಡೆ ಕರ್ಕೊಂಡು ಬಾರೇ ಅಂದರು. ಕಾಗದ ಬರೀತೀನಿ ಅಂದೆ.