ಬಿಸಿ ಕೂತ ಎತ್ತರ

ಪಿಯೂರಾ, ಮಂಗಳವಾರ

ಅಳಿಯ ಎಲ್ಮೆರ್‌ಗೆ ಮಾವನ ಆಶೀರ್ವಾದಗಳು.

ನಿಮ್ಮ ಕಂಪ್ಯೂಟರ್ ಹವಾಮಾನ ಮಾದರಿಯ ಪರಿಶೀಲನಾ ವರದಿಗೆ ನಾನು ಸಹಿ ಹಾಕಿಲ್ಲ. ಇದರಿಂದ ನಿಮ್ಮ ಬಡ್ತಿ ನಿಲ್ಲುತ್ತದೆಂದು ಬಲ್ಲೆ.

ಸಮುದ್ರ ಬಿಸಿಯೇರಿದ ತೊಂಬತ್ತೆಂಟರ ಎಲ್ ನಿನ್ಯೊದಲ್ಲಿ ಜನವರಿಯ ಮಳೆಯನ್ನು ಮಾದರಿ ಸರಿಯಾಗಿಯೇ ತೋರಿಸಿದೆ. ಆದರೆ ಮಳೆಮೋಡ ಗಾಳಿಗೆ ಬಿಟ್ಟ ಬಿಸಿ ನಮ್ಮ ಹವಾಮಾನ ಬಲೂನುಗಳ ಲೆಕ್ಕದಲ್ಲಿ ಏಳು ಕಿಲೋಮೀಟರ್ ಎತ್ತರದಲ್ಲಿದ್ದರೆ, ನಿಮ್ಮ ಮಾದರಿಯಲ್ಲಿ ಮೂರರಲ್ಲೇ ಕೂತಿದೆ.

ಭಾನುವಾರ ಊಟಕ್ಕೆ ಕೂತಾಗ ನೀವು, "ಮಳೆ ಸರಿ ಬಂತಲ್ಲ ಮಾವ, ಬಿಸಿ ಎಲ್ಲಿದ್ರೆ ನಿಮಗೇನು? ಇಪ್ಪತ್ತು ವರ್ಷ ಬಲೂನು ಬಿಟ್ಟೂ ಬಿಟ್ಟೂ ನಿಮ್ಮ ಕಣ್ಣು ಮೇಲೇ ನಿಂತ್ಬಿಟ್ಟಿದೆ" ಅಂದಿರಿ. ಮಗಳು ನಿಂಬೆರಸದಲ್ಲಿ ನೆನೆಸಿದ ಮೀನಿನ ಸೆವಿಚೆ ಬಡಿಸುತ್ತಿದ್ದಳು, ನಾನು ತಟ್ಟೆ ಚಾಚಿದೆ.

ಉತ್ತರ ಈಗ ಬರೆಯುತ್ತೇನೆ. ಬಿಸಿ ಕೆಳಗಿದ್ದರೆ ಮೇಲಿನ ಗಾಳಿ ದಿಕ್ಕು ಬದಲಿಸುವುದಿಲ್ಲ, ಮೋಡಗಳನ್ನು ನೆಲದತ್ತ ತರುವುದಿಲ್ಲ. ನಿಮ್ಮ ವರದಿ ಜನವರಿಗೆ ನಿಲ್ಲುತ್ತದೆ. ನಾನು ಮಾದರಿಯನ್ನು ಮಾರ್ಚ್‌ವರೆಗೆ ಓಡಿಸಿದೆ. ಅದರಲ್ಲಿ ಮಳೆಯೆಲ್ಲ ಸಮುದ್ರದಲ್ಲೇ ಸುರಿದುಹೋಯಿತು. ತೊಂಬತ್ತೆಂಟರ ಆ ಮಾರ್ಚ್‌ನಲ್ಲಿ ನಿಜಕ್ಕೂ ಅದು ಸುರಿದದ್ದು ನಮ್ಮ ಬೀದಿಯಲ್ಲಿ. ಇನ್ನೊಂದು ಸಲ ಹಾಗಾದರೆ, ನಿಮ್ಮ ಮಾದರಿಯನ್ನು ನಂಬಿದವರು ನೆರೆ ಬರುವ ತನಕ ಮನೆ ಬಿಟ್ಟು ಕದಲುವುದಿಲ್ಲ.

ಮೋಡಗಳ ಭಾಗವನ್ನು ತಿದ್ದಿ ಮತ್ತೆ ಓಡಿಸಿ. ಸರಿಬಂದ ದಿನ ಪೆನ್ನು ಹಿಡಿದು ನಾನೇ ನಿಮ್ಮ ಮೇಜಿಗೆ ಬರುತ್ತೇನೆ.

ಮಗಳಿಗೆ ಈ ವಿಷಯ ನೀವೇ ಹೇಳಿ. ನಾನು ಹೇಳಿದರೆ ಅವಳು ನಿಮ್ಮ ಪರ ನಿಲ್ಲುತ್ತಾಳೆ. ನೀವು ಹೇಳಿದರೆ ನನ್ನ ಪರ.

ಇಂತಿ ನಿಮ್ಮ ಮಾವ,
ಫೆರ್ಮಿನ್ ಚುಂಗಾ