ಪ್ಲಾಸ್ಟಿಕ್ ಮರ ಮೇಲೆ, ಸಿಂಫನಿ ಕೆಳಗೆ

ಸಂಗೀತ ಭವನದ ನಿರ್ವಹಣಾಧಿಕಾರಿಗಳೇ,

ಕೊಲ್ಲಿಯಲ್ಲಿ ಮತ್ತೊಂದು ಚಂಡಮಾರುತ ಎದ್ದಿದೆ. ಅದಕ್ಕೆ ಆಗಲೇ ಹೆಸರನ್ನೂ ಇಟ್ಟಿದ್ದಾರೆ. ನಿಮ್ಮ ನೆಲಮಾಳಿಗೆಯಲ್ಲಿ, ಪಕ್ಕದ ಹಳ್ಳದ ನೀರಿಗಿಂತ ಕೆಳಗೆ, ಇಡೀ ವಾದ್ಯವೃಂದಕ್ಕೆಂದು ಬರೆದ, ಒಂದೇ ಒಂದು ಪ್ರತಿಯಿರುವ ಸಿಂಫನಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿದೆ. ಅದನ್ನು ಮೇಲಕ್ಕೆ ತನ್ನಿ ಎಂದು ಖಾಸಗಿಯಾಗಿ ಕೇಳಿ ಸಾಕಾಯಿತು. ನೀವೂ ಕನ್ನಡಿಗರು, ಆದ್ದರಿಂದ ಹ್ಯೂಸ್ಟನ್ನಿನ ನಮ್ಮ ಸಂಘದ ಅಂತರ್ಜಾಲ ಪತ್ರಿಕೆಯಲ್ಲಿ, ನಾಲ್ಕು ಜನರೆದುರು ಕೇಳುತ್ತಿದ್ದೇನೆ.

ಈ ದೇಶದ ಸಿಂಫನಿಯ ಕಥೆಯನ್ನು ಭವನದ ಗೋಡೆಯ ಮೇಲೆ ನೀವೇ ಬರೆಸಿದ್ದೀರಿ. ಮೊದಮೊದಲು ಇಲ್ಲಿನವರು ಜರ್ಮನಿಗೆ ಹೋಗಿ ಕಲಿತು ಬಂದು ಅಲ್ಲಿಯಂತೆಯೇ ಬರೆದರು. ಆಮೇಲೆ ಯೂರೋಪಿನಿಂದ ಬಂದ ಅತಿಥಿಯೊಬ್ಬ, ನಿಮ್ಮ ಸಂಗೀತವನ್ನು ನಿಮ್ಮ ಕಪ್ಪು ಜನರ ಹಾಡುಗಳಲ್ಲಿ ಹುಡುಕಿ ಎಂದ. ಆ ಜನ ಬರೆದೂ ಬರೆದರು. ಏನಾಯಿತು? ಅವರಲ್ಲೊಬ್ಬ ಹೆಣ್ಣುಮಗಳ ಹಸ್ತಪ್ರತಿಗಳು ಆಕೆ ಸತ್ತು ಅರ್ಧ ಶತಮಾನ ಕಳೆದ ಮೇಲೆ, ಮರ ಬಿದ್ದು ಸೂರು ತೂತಾದ ಪಾಳುಮನೆಯಲ್ಲಿ ಸಿಕ್ಕವು. ಈ ಕಥೆಯೂ ನಿಮ್ಮ ಗೋಡೆಯ ಮೇಲಿದೆ, ಚಿನ್ನದ ಅಕ್ಷರದಲ್ಲಿ. ಅದನ್ನು ಓದಲು ನಿಮಗೆ ಬಿಡುವಾಗಿಲ್ಲವೇ?

ನಿಮ್ಮ ಆರ್ಕೆಸ್ಟ್ರಾದಲ್ಲಿ ವಯೋಲ ನುಡಿಸುವ, ಸ್ವರಲಿಪಿಗಳನ್ನೂ ನೋಡಿಕೊಳ್ಳುವ ಪ್ರಿಯಂವದಾ ಕಳೆದ ವಾರ ನನ್ನನ್ನು ಕೆಳಗೆ ಕರೆದೊಯ್ದಳು. ಗೋಡೆಗೆ ಹೊಸ ಬಣ್ಣ. ಅದರಡಿ ನನ್ನ ಭುಜದೆತ್ತರಕ್ಕೆ ಒಂದು ಕಂದು ಗೆರೆ ಮತ್ತೆ ಮೂಡುತ್ತಿತ್ತು. "ಇದು ಹಳೇ ನೀರಿನ ಗುರ್ತು ಅಂಕಲ್. ಅವರು ಬಳಿಸ್ತಾರೆ, ಇದು ಬರ್ತದ," ಎಂದಳು. ಮೇಲಿನ ಒಣಕೋಣೆಯಲ್ಲಿ ಜಾಗವಿಲ್ಲವಂತೆ. ಇಣುಕಿ ನೋಡಿದೆವು. ಅಲ್ಲಿ ಕ್ರಿಸ್‌ಮಸ್ ಸಂಗೀತ ಕಛೇರಿಯ ಪ್ಲಾಸ್ಟಿಕ್ ಮರಗಳು ಹೊದಿಕೆ ಹೊದ್ದು ಮಲಗಿದ್ದವು.

ನಿಮ್ಮನ್ನು ಕಂಡಾಗ ನಕ್ಕಿರಿ. "ನೂರು ವರ್ಷಕ್ಕೊಂದು ಸಲ ಬರೋ ನೀರಿಗೆ ಈಗಲೇ ಪ್ಯಾನಿಕ್ ಆಗ್ತೀರಲ್ಲ ಅಂಕಲ್. ಮುಂದಿನ ವರ್ಷ ಸ್ಕ್ಯಾನ್ ಮಾಡಿಸ್ತೀವಿ."

"ನೀರಿಗೆ ಕ್ಯಾಲೆಂಡರ್ ಓದಾಕ ಬರಂಗಿಲ್ರಿ," ಎಂದೆ. ಅದಕ್ಕೂ ನಕ್ಕಿರಿ.

ಆ ಸಿಂಫನಿ ಬರೆದವರು ನನ್ನ ನೆರೆಮನೆಯ ಕರ್ಟಿಸ್ ಅವರ ತಾಯಿ, ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು. ಅದು ಒಮ್ಮೆಯೂ ನುಡಿದಿಲ್ಲ. ಮುಂದಿನ ವರ್ಷದ ಅಕ್ಟೋಬರಿನಲ್ಲಿ ನುಡಿಸುತ್ತೇವೆಂದು ನೀವೇ ಮಾತು ಕೊಟ್ಟಾಗ, ಕರ್ಟಿಸ್ ಹಳೆಯ ಸೂಟನ್ನು ಬಿಗಿ ಮಾಡಿಸಿಕೊಂಡು ಬಂದರು. ಮೊನ್ನೆ ಅವರ ಅಂಗಳದಲ್ಲಿ ಕೂತಿದ್ದಾಗ ಒಂದು ರಾಗ ಗುನುಗಿದರು. ಅಮ್ಮ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದದ್ದಂತೆ. ತಟ್ಟನೆ ನಿಲ್ಲಿಸಿದರು.

"ನನ್ನ ಹತ್ತಿರ ಇರೋದು ಈ ಒಂದು ಎಳೆ. ಉಳಿದದ್ದೆಲ್ಲ ಆ ಪೆಟ್ಟಿಗೆಯಲ್ಲಿದೆ."

ನಾನು ಕಾಗದವನ್ನು ನಂಬಿ ಬೆಳೆದವನಲ್ಲ. ನಮ್ಮೂರಲ್ಲಿ ಅಜ್ಜಿ ಕಥೆ ಹೇಳಿದರೆ ನಾವು ಹ್ಞೂಂ ಎನ್ನಬೇಕಿತ್ತು. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅಜ್ಜಿ ಹೋದಳು, ಹ್ಞೂಂ ಅಂದವರ ಬಾಯಲ್ಲಿ ಕಥೆ ಉಳಿಯಿತು. ಆದರೆ ಸಿಂಫನಿಯನ್ನು ಯಾರ ಬಾಯಿ ಹೊರುತ್ತದೆ? ಪಿಟೀಲಿಗೊಂದು ದಾರಿ, ಕಹಳೆಗೊಂದು ದಾರಿ, ನಗಾರಿಗೊಂದು ದಾರಿ. ಅಷ್ಟನ್ನೂ ಬಲ್ಲವರು ಒಬ್ಬರೇ ಇದ್ದರು, ತೀರಿಕೊಂಡರು. ಈ ಕಥೆ ಇನ್ನೂ ಶುರುವೇ ಆಗಿಲ್ಲ. ಹ್ಞೂಂ ಅನ್ನಲು ಒಬ್ಬ ಮಗ ಕಾದು ಕೂತಿದ್ದಾನೆ.

ಇವತ್ತು ಬೆಳಿಗ್ಗೆ ಭವನಕ್ಕೆ ಬರುವಾಗ ಹಳ್ಳದ ದಂಡೆಯ ಬೆಂಚು ಕಾಣಲಿಲ್ಲ. ಮಳೆ ಇನ್ನೂ ಹ್ಯೂಸ್ಟನ್ನಿಗೆ ಬಂದಿಲ್ಲ. ಇದು ಮೇಲಿನ ಊರುಗಳ ನೀರು.

ನಾಳೆ ಕಚೇರಿ ತೆರೆಯುತ್ತಲೇ ಒಣಕೋಣೆಯ ಬೀಗದ ಕೈ ಪ್ರಿಯಂವದಾಗೆ ಕೊಡಿ. ಪೆಟ್ಟಿಗೆ ಮೇಲೆ ಬರಲಿ, ಮರಗಳು ಕೆಳಗೆ ಹೋಗಲಿ. ಅವು ಪ್ಲಾಸ್ಟಿಕ್ಕಿನವು, ತೇಲುತ್ತವೆ.

ಇಂತಿ,
ನಿಮ್ಮ ಬಾಗಿಲಲ್ಲಿ ಟಿಕೆಟ್ ನೋಡಿ ಜನರನ್ನು ಒಳಗೆ ಬಿಡುವ, ನೀರನ್ನು ತಡೆಯಲಾರದ
ಗದಿಗೆಪ್ಪ